ಅಟೆಂಡರ್ ತಂದ ಎರಡು ಸ್ಲೈಡು

ಮೊನ್ನೆ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗೋಬಿ ಮಂಚೂರಿ ಗಾಡಿಯಿಂದ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಬಾಯಲ್ಲಿ ನೀರೂರಿರಬೇಕು. ನನಗೆ ಮಾತ್ರ ನಮ್ಮ ಕಾಲೇಜಿನ ಲ್ಯಾಬು, ಈರುಳ್ಳಿ ಬೇರಿಗೆ ಹಾಕುತ್ತಿದ್ದ ಕೆಂಪು ಬಣ್ಣ, ಅದರ ಹುಳಿ ಘಾಟು... ಆಮೇಲೆ ಆ ಅಟೆಂಡರ್.

ತೊಂಬತ್ತರ ದಶಕದ ಕೊನೆ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ಅವರು ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಪ್ರಾಕ್ಟಿಕಲ್ಸ್ ಇದ್ದ ವಾರ ಮನೆಯಲ್ಲೇ ಲೋಟದ ನೀರಿನ ಮೇಲೆ ಈರುಳ್ಳಿ ಕೂರಿಸಿ, ಬೇರು ಬಂದ ಮೇಲೆ ಲೋಟದ ಸಮೇತ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಮಲವಗೊಪ್ಪ ದಾಟುವಷ್ಟರಲ್ಲಿ ಅರ್ಧ ನೀರು ಪ್ಯಾಂಟಿನ ಮೇಲಿರುತ್ತಿತ್ತು. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಅವರು ಮಾಡಿಕೊಟ್ಟ ಸ್ಲೈಡಿನಲ್ಲಿ ಕ್ರೋಮೋಸೋಮುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ನಾನು ಮಾಡಿದರೆ ಮುದ್ದೆಯಾಗುತ್ತಿತ್ತು.

ಆಮೇಲೆ ಸಿಂಕಿನ ಹತ್ತಿರ ನಿಂತು ನನ್ನ ಪಾಠ ಕೇಳುತ್ತಿದ್ದರು. ಜೀವಕೋಶದೊಳಗೆ ಕೋಶಕೇಂದ್ರ, ಅದರೊಳಗೆ ದಾರದಂಥ ಕ್ರೋಮೋಸೋಮು, ಆ ದಾರದ ಉದ್ದಕ್ಕೂ ಜೀನುಗಳು. ತಾಯಿಯದೊಂದು, ತಂದೆಯದೊಂದು. ಕೆಲವು ದೋಷಗಳು ಎರಡೂ ಕಡೆಯಿಂದ ಬಂದರೆ ಮಾತ್ರ ಮಗುವಿನಲ್ಲಿ ತೋರುತ್ತವೆ... ವರ್ಷ ವರ್ಷ ಅದನ್ನೇ ಹೇಳಿ ನನಗೆ ಬೇಜಾರು ಬಂದಿತ್ತು. ಅವರಿಗೆ ಬಂದಿರಲಿಲ್ಲ.

ಅವರ ಹೆಂಡತಿ ಅವರದೇ ಅಕ್ಕನ ಮಗಳು. ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಚೂಟಿ ಹುಡುಗ. ಆದರೂ ಬೀದಿಯವರ ಬಾಯಲ್ಲಿ ಮೂಗ ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಹೆಸರಿರಲಿಲ್ಲ. ಕಿರಿಯವಳಿಗೆ ಕಿವಿ ಚೆನ್ನಾಗಿತ್ತು. ಅವಳಿಗೆ ಇಪ್ಪತ್ತು ತುಂಬಿದಾಗ ಅದೇ ಅಕ್ಕ ಅವಳನ್ನು ತನ್ನ ಕಿರಿಮಗನಿಗೆ, ಅಂದರೆ ಹುಡುಗಿಯ ಸೋದರಮಾವನಿಗೆ, ಕೇಳಿದಳು. ಒಲ್ಲೆ ಎಂದರೆ ಅಕ್ಕನ ಮನೆಯ ಬಾಗಿಲು ಮುಚ್ಚಿದಂತೆಯೇ.

ಒಂದು ಮಧ್ಯಾಹ್ನ ರಾಶಿ ರೆಕಾರ್ಡುಗಳಿಗೆ ಸಹಿ ಹಾಕುತ್ತ ಕೂತಿದ್ದೆ. ಅವರು ಎರಡು ಸ್ಲೈಡು ತಂದು ಮುಂದಿಟ್ಟರು. ಕಡ್ಡಿಯಲ್ಲಿ ಕೆನ್ನೆಯ ಒಳಭಾಗ ಮೆಲ್ಲಗೆ ಕೆರೆದು ನೀಲಿ ಬಣ್ಣ ಹಾಕಿದ್ದು. ವಿದ್ಯಾರ್ಥಿಗಳಿಂದ ನಾವೇ ಮಾಡಿಸುವ ಪ್ರಯೋಗ. ಒಂದರ ಮೇಲೆ ‘ಮಗಳು’, ಇನ್ನೊಂದರ ಮೇಲೆ ‘ಹುಡುಗ’ ಎಂದು ಚೀಟಿ ಅಂಟಿಸಿದ್ದರು.

“ಕಿವಿದು ಇಬ್ಬರಲ್ಲೂ ಇದ್ಯಾ ನೋಡಿ ಮೇಡಂ. ಒಬ್ಬರಲ್ಲಿ ಇಲ್ಲ ಅಂದ್ರೂ ಸಾಕು, ಧೈರ್ಯವಾಗಿ ಕೊಡ್ತೀನಿ.”

ನೋಡಿದೆ. ನೀಲಿ ಚುಕ್ಕೆಗಳು, ಅಷ್ಟೇ. ಜೀನು ಇರುವುದು ಆ ಚುಕ್ಕೆಯೊಳಗೇ, ಆದರೆ ಈ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ ಎಂದೆ. ಹಾಗಾದರೆ ಕೊಡಲೋ ಬೇಡವೋ ಎಂದು ಕೇಳಿದರು. ಇಬ್ಬರಲ್ಲೂ ಇರಬಹುದು, ಹೊರಗೆ ಸಂಬಂಧ ನೋಡಿ... ಇಷ್ಟು ಹೇಳುವಷ್ಟು ನಾನು ಓದಿದ್ದೆ. ಆದರೆ ಮದುವೆ ಮುರಿದವಳು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಸುಸ್ತೂ ಆಗಿತ್ತು.

“ಅದು ನಿಮ್ಮ ಮನೆ ವಿಷಯ,” ಎಂದು ಮುಂದಿನ ರೆಕಾರ್ಡು ಎಳೆದುಕೊಂಡೆ.

ಮದುವೆಯಾಯಿತು. ನಾನೂ ಹೋಗಿ ಊಟ ಮಾಡಿ ಬಂದೆ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ, ಈರುಳ್ಳಿಯ ಲೋಟ ಮೇಜಿನ ಮೇಲಿಡುತ್ತ, ಬೆನ್ನ ಹಿಂದೆ ತಟ್ಟೆ ಬಿದ್ದರೂ ಮೊಮ್ಮಗಳು ತಿರುಗಿ ನೋಡುವುದಿಲ್ಲ ಎಂದರು. ಅವರೇ ನನ್ನನ್ನು ಸಮಾಧಾನ ಮಾಡಿದರು.

“ನೀವೇನು ಮಾಡ್ತೀರಿ ಮೇಡಂ. ಕಾಣಲ್ಲ ಅಂತ ಅವತ್ತೇ ಹೇಳಿದ್ರಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ಸ್ಲೈಡು ಮಾಡಿಟ್ಟು ಹೊರಗೆ ಹೋಗಿ ಕೂರುತ್ತಿದ್ದರು. ಸಿಂಕಿನ ಹತ್ತಿರ ಮತ್ತೆಂದೂ ನಿಲ್ಲಲಿಲ್ಲ. ನಾನು ಮಾತ್ರ ನಿವೃತ್ತಿಯಾಗುವವರೆಗೂ ಅದೇ ಪಾಠ ಹೇಳಿದೆ. ಅವರು ತೀರಿಹೋದ ಸುದ್ದಿ ಸಿಕ್ಕಿದ್ದು ತಿಂಗಳುಗಟ್ಟಲೆ ತಡವಾಗಿ... ಮನೆಗೆ ಹೋಗಿ ಮುಖ ತೋರಿಸಲು ಧೈರ್ಯ ಬರಲಿಲ್ಲ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಅವರು ನನ್ನ ಮೇಜಿನ ಮೇಲೇ ಬಿಟ್ಟುಹೋಗಿದ್ದ ಆ ಎರಡು ಸ್ಲೈಡು ಹಳೆಯ ಡಬ್ಬಿಯಿಂದ ತೆಗೆದೆ. ನನಗೆ ಗೊತ್ತಿದ್ದಷ್ಟನ್ನು ಹೇಳಲು ಅವತ್ತು ಮೈಕ್ರೋಸ್ಕೋಪೇನೂ ಬೇಕಿರಲಿಲ್ಲ. ಗಾಜಿನ ಮೇಲಿದ್ದ ನೀಲಿ ಪೂರ್ತಿ ಹೋಗಿದೆ. ಚೀಟಿಯ ಮೇಲೆ ಅವರು ಬರೆದ ‘ಮಗಳು’ ಮಾತ್ರ ಕನ್ನಡಕವಿಲ್ಲದೆಯೂ ಓದಬಹುದು.