ಅಕ್ಕನ ಎಡಗೈ ಮುಷ್ಟಿ

ಅಕ್ಕ ಆ ಮಾತನ್ನು ನಿಜವಾಗಿ ಯಾವಾಗ ಆಡಿದಳೆಂದು ನನಗೆ ಬಹಳ ದಿನ ಖಾತ್ರಿಯಿರಲಿಲ್ಲ. ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಮಂಡಕ್ಕಿಯ ಸುಸಲಾ ತಿನ್ನುತ್ತ ಕುಳಿತದ್ದು, ಎಡಗೈಯನ್ನು ಮಾತ್ರ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ; ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಎಂದು ನಂಬುವ ವಯಸ್ಸು ನನ್ನದಲ್ಲ. ನೆನಪು ಎಂಬುದು, ಗೆಳೆಯರೇ, ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ಆಮೇಲೆ ಲೆಕ್ಕ ಬಿಡಿಸುವ ವಿದ್ಯಾರ್ಥಿಯಂಥದು. ನನಗೆ ಉತ್ತರ ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಲೆಕ್ಕದ ಮೇಲೆ ಅನುಮಾನ.

ನಮ್ಮಣ್ಣ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ. ನಮ್ಮ ರೂಢಿಯಂತೆ ಹುಟ್ಟೂರು ಸಗರದ ಹೊಲದಲ್ಲಿ ಅವನನ್ನು ಕೂತ ಭಂಗಿಯಲ್ಲೇ ಮಣ್ಣು ಮಾಡುವಾಗ, ಬದುಕಿಡೀ ಅವನ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯೊಳಗೆ ಇಟ್ಟು ಬೆರಳು ಮಡಚಿದೆವು. ಒಡಹುಟ್ಟಿದವರು ನೋವು ಬರುವ ತನಕ ಕಾಯಬೇಡಿ, ಈಗಲೇ ತೋರಿಸಿಕೊಳ್ಳಿ ಎಂದಿದ್ದರು ಡಾಕ್ಟರು. ನಳಿಕೆ ಹಾಕಿ ಕ್ಯಾಮೆರಾದಲ್ಲಿ ನೋಡುವುದೇ ಮೇಲಂತೆ. ಅಕ್ಕ ನಾಚಿಕೆಯಿಂದ ಸುತರಾಂ ಒಪ್ಪಲಿಲ್ಲ. ಮೊದಲು ಸ್ಕ್ಯಾನಿನಲ್ಲಿ ಒಳಗನ್ನು ನೋಡೋಣ, ಏನಾದರೂ ಕಂಡರೆ ಕ್ಯಾಮೆರಾ ಎಂಬಲ್ಲಿಗೆ ರಾಜಿಯಾಯಿತು. ಅವಳನ್ನು ಒಪ್ಪಿಸಲು ಸುರಪುರದಿಂದ ಸಗರಕ್ಕೆ ಮತ್ತೆ ಮತ್ತೆ ಓಡಾಡಿದ ನಾನು, ನನ್ನ ಸರದಿಯನ್ನು ಮಾತ್ರ ನಾನು ಕಲಿಸುವ ಕಾಲೇಜಿನ ಒಂದು ರಜೆಯಿಂದ ಇನ್ನೊಂದು ರಜೆಗೆ ದೂಡುತ್ತಲೇ ಇದ್ದೆ.

"ನನ್ನ ಹೊಟ್ಯಾಗ ಹಣಿಕಿ ಹಾಕಾಕ ಇಷ್ಟ ಅವಸರ ಮಾಡ್ತೀಯಲ್ಲೋ ತಮ್ಮಾ, ನಿಂದೇನು ಹೊಟ್ಟಿ ಅಲ್ಲೇನು, ಜ್ವಾಳ ತುಂಬೂ ಹಗೇವೇನು?" ಎಂದಿದ್ದಳು ಅಕ್ಕ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಷೀನು ನಡೆಸುವ ಹುಡುಗಿ, ಮೈಮೇಲಿನ ಬೆಳ್ಳಿ ಬಂಗಾರ ತೆಗೆಯಬೇಕೆಂದಳು. ಅಕ್ಕ ಬಳೆ ತೆಗೆದಳು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನೂ ತೆಗೆದು ನನ್ನ ಕೈಗಿತ್ತಳು. ಲಿಂಗವನ್ನು ಮಾತ್ರ ಕೊಡಲಿಲ್ಲ.

"ಅದು ಮೈ ಬಿಟ್ಟು ಇರೂದಿಲ್ಲವಾ. ನಾ ಸತ್ತ ಮ್ಯಾಲೂ ಇರೂದಿಲ್ಲ."

ಹುಡುಗಿ ನಕ್ಕಳು. "ಇರ್ಲಿ ಬಿಡ್ರಿ ಅಮ್ಮಾ. ಕೈ ತಲಿ ಮ್ಯಾಲ ಇರ್ತಾವ, ಚಿತ್ರದಾಗ ಬರೂದಿಲ್ಲ. ಮುಷ್ಟಿ ಬಿಗಿ ಹಿಡೀರಿ, ಅಷ್ಟ."

ಗಾಜಿನ ಈಚೆ ನಿಂತು ನೋಡಿದೆ. ಔಷಧಿ ಕುಡಿದು ಹೊಟ್ಟೆ ತೊಳೆದುಕೊಂಡಿದ್ದ ಅಕ್ಕ, ಕರುಳು ಹಿಗ್ಗಲೆಂದು ಸಣ್ಣ ಕೊಳವೆಯಿಂದ ಗಾಳಿ ತುಂಬಿಸಿಕೊಂಡು, ಮೊದಲು ಅಂಗಾತ, ಆಮೇಲೆ ಬೋರಲು ಮಲಗಿ ಮಷೀನಿನ ದುಂಡು ಬಾಯಿಯೊಳಗೆ ಹೋಗಿ ಬಂದಳು. ಉಸಿರು ಹಿಡಿಯಲು ಹೇಳಿದಾಗೆಲ್ಲ ಅವಳು ಪೂರ್ತಿ ನಿಶ್ಚಲಳಾಗುತ್ತಿದ್ದಳು. ಮಡಚಿದ ಎಡಗೈಯ ಬೆರಳುಗಳಷ್ಟೇ ನನಗೆ ಕಾಣುತ್ತಿದ್ದವು. ಆ ಬೆರಳುಗಳನ್ನು ನಾನು ಹಿಂದೆಯೂ ನೋಡಿದ್ದೆ, ಬೇರೆ ಕೈಯಲ್ಲಿ, ಮಣ್ಣು ಬೀಳುವ ಮುಂಚೆ. ಪರದೆಯ ಮೇಲೆ ಅವಳ ಕರುಳು ಶಹಾಪುರದ ಗುಡ್ಡದ ಗವಿಗಳಂತೆ ತೆರೆದುಕೊಂಡಿತು: ತಿರುವಿನ ಹಿಂದೆ ತಿರುವು, ಎಲ್ಲಿಂದಲೂ ಬಾರದ ಒಂದು ಬೆಳಕು, ಮನುಷ್ಯರ ಸುಳಿವೇ ಇಲ್ಲದ ನುಣುಪು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಈ ನಿರ್ಜನ ಸುರಂಗವನ್ನು ಹೊತ್ತುಕೊಂಡೇ ರೊಟ್ಟಿ ಬಡಿದಿದ್ದಳು, ಜಗಳವಾಡಿದ್ದಳು, ನನ್ನನ್ನು ಎತ್ತಿ ಆಡಿಸಿದ್ದಳು. ನಮ್ಮೊಳಗೆ ನಾವಿರುತ್ತೇವೆ ಎನ್ನುತ್ತೇವಲ್ಲ, ಅಲ್ಲಿ ಯಾರೂ ಇರಲಿಲ್ಲ.

ಅವಳ ಕರುಳು ಸ್ವಚ್ಛವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸುಸಲಾ ಮುಗಿಸಿ ಅಕ್ಕ ಮುಷ್ಟಿ ಬಿಚ್ಚಿದಳು. ಅಲ್ಲಿ ಎರಡು ಲಿಂಗಗಳಿದ್ದವು.

"ಇನ್ನೊಂದು ನಿಂದು. ಯುನಿವರ್ಸಿಟಿಗೆ ಹೋಗೂ ಮುಂದ ಜಗಲಿ ಮ್ಯಾಲ ಬಿಟ್ಟು ಹೋಗಿದ್ದೆಲ್ಲ. ನೀ ಅಂತೂ ಆ ಮಷೀನಿನಾಗ ಮಲಗೂ ಪೈಕಿ ಅಲ್ಲ, ನಿಂದೂ ಒಮ್ಮೆ ನೋಡೇಬಿಡ್ಲಿ ಅಂತ ಒಳಗ ಒಯ್ದೆ."

ನಾನು ನಕ್ಕಿರಬೇಕು. ಆಗಲೇ ಅವಳು ಆ ಮಾತು ಆಡಿದಳೆಂದು ನನ್ನ ನೆನಪು: "ನಗಬ್ಯಾಡ. ಎರಡೂ ಒಂದ ಮುಷ್ಟ್ಯಾಗ ಇದ್ವು. ನಂದು ತಣ್ಣಗ ಇತ್ತು. ನಿಂದು ಬೆಚ್ಚಗಾತು ನೋಡು."

ಅವಳನ್ನು ಬಸ್ಸು ಹತ್ತಿಸಿದೆ. ಆಮೇಲೆ ಯಾವಾಗಲೋ ನಾನೂ ಅದೇ ಮಷೀನಿನಲ್ಲಿ ಮಲಗಿದೆ. ನನ್ನ ಕರುಳಿನ ಒಂದು ತಿರುವಿನಲ್ಲಿ ಸಣ್ಣ ಗಂಟು ಕಂಡಿತು. ಕಲಬುರಗಿಯಲ್ಲಿ ಕ್ಯಾಮೆರಾ ನಳಿಕೆಯಿಂದಲೇ ಅದನ್ನು ಕತ್ತರಿಸಿ ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತು ಎಂದರು. ನಾನು ಉಳಿದುಕೊಂಡೆ.

ಉಳಿದವನಿಗೆ ಕೆಲಸವೇನು, ಅನುಮಾನಿಸುವುದು. ಒಂದೇ ಅಂಗೈಯ ಶಾಖ ಒಂದು ಕಲ್ಲಿಗೆ ತಾಗಿ ಇನ್ನೊಂದಕ್ಕೆ ತಾಗದೆ ಇರುವುದು ಹೇಗೆ? ಗಂಟು ಸಿಕ್ಕಿದ ಮೇಲೆ ಅಕ್ಕ ಕಟ್ಟಿದ ಮಾತನ್ನು ನಾನೇ ಹಿಂದಕ್ಕೆ ಒಯ್ದು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿರಬಹುದು. ಅಕ್ಕನನ್ನು ಕೇಳಿದರೆ, "ಮೊದಲ ಅಂದೆನೋ, ಆಮ್ಯಾಲ ಅಂದೆನೋ, ಯಾರಿಗೆ ನೆನಪೈತಿ? ಬದುಕೀಯಲ್ಲ, ಸುಮ್ಕಿರು" ಎಂದು ಬೈದಳು. ಸುಮ್ಮನಿರಲಾಗಲಿಲ್ಲ. ಮೊನ್ನೆ ಯಾದಗಿರಿಗೆ ಹೋದಾಗ ಸೆಂಟರಿನ ಆ ಹುಡುಗಿಯನ್ನು ಕಂಡು, ನಾನು ಸ್ಕ್ಯಾನಿಗೆ ಹೆಸರು ಬರೆಸಿದ್ದು ಯಾವಾಗ ಎಂದು ವಿಚಾರಿಸಿದೆ. ಅವಳು ಯೋಚಿಸಲೇ ಇಲ್ಲ.

"ಅಮ್ಮಾರ ಸ್ಕ್ಯಾನ್ ಆದ ದಿನಾನ ಅಲ್ರೀ ಸರ್. ಅವರನ್ನ ಬಸ್ಸಿಗೆ ಹತ್ತಿಸಿ ಒಬ್ರ ತಿರುಗಿ ಬಂದಿದ್ರಿ. ಈ ಮಷೀನಿನಾಗ ಕಲ್ಲು ಬೆಚ್ಚಗಾಗ್ತದೇನ್ರಿ ಅಂತ ಕೇಳಿದ್ರಿ. ಇಲ್ರಿ ಅಂದೆ. ಆವಾಗ ಹೆಸರು ಹಚ್ಚಿದ್ರಿ."