ಎರಡು ವರ್ಷದ ಕುದುರೆಗಳು

ವಾಡಿಯ ಶ್ಯಾಮಸುಂದರ ಮಾಸ್ತರರು ಜನ್ಮದಲ್ಲಿ ಒಮ್ಮೆಯೂ ಕುದುರೆಯ ಬೆನ್ನು ಮುಟ್ಟಿದವರಲ್ಲ. ಆದರೂ ಸ್ಟೇಷನ್ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತರೆಂದರೆ, ಕಿಟಕಿಯಾಚೆಯ ಸಿಮೆಂಟಿನ ಧೂಳೂ ಅವರ ಕಣ್ಣಿಗೆ ಹುಲ್ಲುಗಾವಲಿನ ಮಂಜಾಗಿ ಕಾಣುತ್ತಿತ್ತು. ಆನ್‌ಲೈನ್ ರೇಸಿನ ಆಟದಲ್ಲಿ ಎರಡು ವರ್ಷದ ಕುದುರೆಗಳು ಓಡುವ ಮುನ್ನ, ಯಾವುದು ಹೇಗೆ ಓಡೀತೆಂದು ಉಳಿದ ಆಟಗಾರರಿಗಾಗಿ ಬರೆದು ಹಾಕುವುದು ಅವರ ಭಾನುವಾರದ ವ್ರತ. ಒಂದು ಕುದುರೆ ನವಿಲಿನಂತೆ ಕಾಲೆತ್ತುತ್ತದೆ, ಇನ್ನೊಂದು ಓಡುತ್ತಲೇ ಕನಸು ಕಾಣುತ್ತದೆ ಎಂದೆಲ್ಲ ಬರೆಯುವರು. ಯಾವುದಾದರೂ ಸೋಲುತ್ತದೆಂದು ಮಾತ್ರ ಬರೆದವರಲ್ಲ. “ಗೆಲ್ಲೋದು ಯಾವುದು, ಒಂದರ ಹೆಸರು ಹೇಳ್ರಿ ಸರ್,” ಎಂದು ಅಂಗಡಿಯ ಮಾಲೀಕ ಮಲ್ಲು ಕೇಳಿದರೆ, “ಇನ್ನಾ ಕೂಸುಗೋಳಪ್ಪ ಅವು, ಭಾಳ ಅವಸರ ಮಾಡಬ್ಯಾಡ,” ಎನ್ನುವರು. ಒಂದು ಭಾನುವಾರ, ಎಲ್ಲರೂ ಕೈಬಿಟ್ಟಿದ್ದ ಒಂದು ಹೆಣ್ಣು ಕುದುರೆಯ ಬಗ್ಗೆಯೇ ಪುಟ ತುಂಬ ಬರೆದರು. ಓಟ ಮುಗಿಯಿತು. “ನಿಮ್ಮ ಕುದುರಿ ಎಲ್ಲಾದರಕಿಂತ ಕಡೀಕ್ ಬಂತ್ರಿ,” ಎಂದ ಮಲ್ಲು. ಮಾಸ್ತರರು ತೊಡೆಯ ಮೇಲೆ ನಿದ್ದೆಹೋಗಿದ್ದ ಮಗಳು ಪ್ರಮಿತಾಳ ಪಾದಗಳನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಂಡರು. ಅವಳಿಗೂ ಎರಡು ವರ್ಷ ತುಂಬಿತ್ತು. ಇನ್ನೂ ಒಂದೇ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. “ಬಂತಲ್ಲಪ್ಪ,” ಎಂದರು, “ಅಷ್ಟು ಸಾಕು.”