ಎಡಗಡೆಯ ಪೆಡಲು

ಸಂಜೆ ಕೆಲಸ ಮುಗಿಸಿ ಬಂದಾಗ ಚಿಕ್ಕಮ್ಮನ ಹುಬ್ಬಿನ ಮೇಲೆ ಬಣ್ಣದ ಧೂಳು ಕೂತಿರುತ್ತಿತ್ತು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಅಂದು ನೀಲಿ ಅಂಗಿ ಹೊಲಿದಿದ್ದರೆ ನೀಲಿ, ಬಿಳಿ ಹೊಲಿದಿದ್ದರೆ ಬಿಳಿ. ಕಣ್ಣೆವೆಯ ಮೇಲೂ ಕಿವಿಯ ಹಿಂದಿನ ಸಣ್ಣ ಕೂದಲಿನಲ್ಲೂ ಅದೇ ನೂಲಿನ ಧೂಳು. ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಕೊಡವಿಕೊಂಡೇ ಒಳಗೆ ಬರುತ್ತಿದ್ದರು. ಹೈಸ್ಕೂಲಿನ ದಿನಗಳಲ್ಲಿ ನಾನು ಅವರ ಮುಖ ನೋಡುತ್ತಿದ್ದದ್ದು ಇವತ್ತು ಯಾವ ಬಣ್ಣ ಎಂದು ತಿಳಿಯುವುದಕ್ಕೆ ಮಾತ್ರ.

ನನ್ನ ಹೆತ್ತವ್ವ ತೀರಿಕೊಂಡ ಒಂದೂವರೆ ವರ್ಷಕ್ಕೆ ಅಪ್ಪ ಅವರನ್ನು ಪೂರಿಗಾಲಿಯಿಂದ ಮದುವೆ ಮಾಡಿಕೊಂಡು ಬಂದರು. ನನಗೆ ಆಗ ಒಂಬತ್ತು ವರ್ಷ. ಅವರು ಬಂದ ದಿನವೇ ಎದುರಿಗೆ ಹೋಗಿ ನಿಂತು, "ನಾನು ನಿಮ್ಮನ್ನ ಅವ್ವ ಅನ್ನಲ್ಲ" ಅಂದೆ.

ಅವರು ಒಂದು ಗಳಿಗೆ ನನ್ನನ್ನು ನೋಡಿದರು. "ಅನ್ಬ್ಯಾಡ ಬುಡು. ತಲೆ ಸಿಕ್ಕಾಗದೆ, ಬಾಚ್ಲಾ?"

"ಬೇಡ."

"ಆಯ್ತು ಬುಡು."

ಮುಂದಿನ ಇಪ್ಪತ್ತೆರಡು ವರ್ಷ ನಾವಿಬ್ಬರೂ ಆಡಿದ ಮಾತುಗಳು ಹೆಚ್ಚುಕಡಿಮೆ ಇಷ್ಟೇ ಉದ್ದದವು. ಜಗಳ ಇರಲಿಲ್ಲ. ಜಗಳಕ್ಕೂ ಒಂದಿಷ್ಟು ಹತ್ತಿರ ಬರಬೇಕಾಗುತ್ತದೆ. ಅವರು ನನಗೆ ಬೈದವರಲ್ಲ, ಕೈ ಎತ್ತಿದವರಲ್ಲ, ಅಪ್ಪನ ಹತ್ತಿರ ಚಾಡಿ ಹೇಳಿದವರೂ ಅಲ್ಲ. ಅವರಿಗೆ ಮಕ್ಕಳಾಗಲಿಲ್ಲ. ನನ್ನ ಶಾಲೆಯ ಲಂಗವನ್ನು ಮನೆಯ ಕಾಲ್ಮಿಷನ್ನಿನಲ್ಲಿ ಅವರೇ ಹೊಲಿಯುತ್ತಿದ್ದರು. ಕೆಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಒಳಗೆ ಮಡಚಿ ಹೊಲಿದು, ನಾನು ಬೆಳೆದ ಹಾಗೆ ವರ್ಷಕ್ಕೊಂದು ಸಲ ಬಿಚ್ಚಿ ಉದ್ದ ಮಾಡುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಹಳೆಯ ಅಂಚಿನ ಬಿಳಿಚಿದ ಗೆರೆ ಉಳಿಯುತ್ತಿತ್ತು. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಮೂರು ಗೆರೆ. ಹುಡುಗಿಯರು ನಕ್ಕರೆಂದು ನಾನು ಆ ಲಂಗವನ್ನು ಹಿತ್ತಿಲಿನ ಬೇಲಿಗೆ ಬಿಸಾಡಿದ್ದೆ. ಅವರು ಅದನ್ನು ತಂದು ಒಗೆದು, ಗೆರೆಗಳ ಮೇಲೆ ಒಂದು ಪಟ್ಟಿ ಕೊಟ್ಟು ಹೊಲಿದು ನನ್ನ ಪೆಟ್ಟಿಗೆಯ ಮೇಲಿಟ್ಟರು. "ಒಲಿಗೆ ತಪ್ಪಾದ್ರೆ ಬಿಚ್ಚಿ ಆಕೋದಪ್ಪ, ಅದ್ಕ್ಯಾಕೆ ಮುಖ ಊದಿಸ್ಕೊಳ್ಳೋದು" ಎಂದು ಮಿಷನ್ನಿಗೆ ಹೇಳುವ ಹಾಗೆ ಹೇಳಿದರು.

ನಾನು ಓದಿ, ಮಂಡ್ಯದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ಮದುವೆಯಾಗಿ ಅಲ್ಲೇ ಮನೆ ಮಾಡಿದೆ. ಅಪ್ಪ ಹೋದ ಮೇಲೆ ಊರಿಗೆ ಹೋಗುವುದು ಹಬ್ಬಕ್ಕೊಂದು ಸಲವಾಯಿತು. ಚಿಕ್ಕಮ್ಮ ಗಾರ್ಮೆಂಟ್ಸಿಗೆ ಹೋಗುವುದನ್ನು ಬಿಡಲಿಲ್ಲ. ಅಂಗಿಗೆ ಕಾಲರ್ ಕೂರಿಸುವುದು ಅವರ ಕೆಲಸ. ಇಡೀ ಲೈನಿನಲ್ಲಿ ಅವರಷ್ಟು ನೇರವಾಗಿ ಕಾಲರ್ ಕೂರಿಸುವವರು ಇಲ್ಲವೆಂದು ಜೊತೆಯವರು ಹೇಳುತ್ತಿದ್ದರು. ಫ್ಯಾಕ್ಟರಿಯ ವ್ಯಾನು ನಿಲ್ಲುವುದು ಮದ್ದೂರು–ಮಳವಳ್ಳಿ ರಸ್ತೆಯಲ್ಲಿ. ಅಲ್ಲಿಂದ ನಮ್ಮೂರು ಒಳಕ್ಕೆ ಮೂರು ಕಿಲೋಮೀಟರ್. ಬೆಳಿಗ್ಗೆ ಮೂರು, ಸಂಜೆ ಮೂರು ಎಂದು ಎಂಟು ಹತ್ತು ಹೆಂಗಸರು ಗುಂಪಾಗಿ ನಡೆಯುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಚಿಕ್ಕಮ್ಮನ ಮಂಡಿ ಸೋತಿತು.

ಒಂದು ದಿನ ಫೋನು ಮಾಡಿದರು. ಅವರಾಗಿ ಫೋನು ಮಾಡಿದ್ದೇ ಅಪರೂಪ.

"ಕರೆಂಟ್ ಸೈಕಲ್ ತರ್ಸಿವ್ನಿ ಕಣವ್ವ. ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದದೆ. ಪುಸ್ತಕದ ತುಂಬ ಇಂಗ್ಲೀಸು. ಬಿಡುವಾದಾಗ ಒಂದ್ಸಲ ಬತ್ತೀಯಾ? ಆಗ್ದಿದ್ರೆ ಬುಡು, ಮದ್ದೂರ್ ಸೈಕಲ್ ಸಾಪ್ನೋನ್ನೇ ಕರುಸ್ತೀನಿ."

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ಕೆಲಸ ಅದು. ಭಾನುವಾರ ಬರುತ್ತೇನೆ ಅಂದೆ.

ಹೋದಾಗ ಹಜಾರದಲ್ಲಿ ಹಳೆಯ ಸೀರೆ ಹಾಸಿ, ಅದರ ಮೇಲೆ ಡಬ್ಬವನ್ನು ಇಟ್ಟುಕೊಂಡು ಕಾಯುತ್ತಿದ್ದರು. ರಟ್ಟನ್ನು ಹರಿಯಲು ಬಿಡಲಿಲ್ಲ. ಅಂಟಿನ ಪಟ್ಟಿಯನ್ನು ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿದ ಹಾಗೆ ಬಿಡಿಸಿದರು. ಒಳಗೆ ಹಸಿರು ಬಣ್ಣದ ಸೈಕಲ್ಲು. ಹಿಂದಿನ ಚಕ್ರ, ಅದರ ನಡುವೆ ದಪ್ಪನೆಯ ಮೋಟಾರು, ಇವೆಲ್ಲ ಆಗಲೇ ಕೂಡಿಸಿದ್ದವು. ಮುಂದಿನ ಚಕ್ರ, ಹ್ಯಾಂಡಲ್ಲು, ಸೀಟು, ಮಡ್‌ಗಾರ್ಡು, ಎರಡು ಪೆಡಲುಗಳನ್ನು ನಾವು ಕೂಡಿಸಬೇಕಿತ್ತು. ವಿಡಿಯೋ ನೋಡೋಣವೆಂದರೆ ನೆಟ್‌ವರ್ಕು ಸುತ್ತುತ್ತಲೇ ಇತ್ತು.

"ಸಾಪ್ನೋನ್ಗೆ ಒಂದ್ ಮಾತು ಏಳ್ಲಾ? ಅವ್ನು ದಿನಾ ಇದೇ ಕೆಲ್ಸ ಮಾಡೋನು" ಅಂದರು.

"ನಾನು ಫಿಸಿಕ್ಸ್ ಹೇಳ್ಕೊಡೋಳು ಚಿಕ್ಕಮ್ಮ. ಇದೇನು ಮಹಾ" ಅಂದೆ.

"ಆಯ್ತು ಬುಡು."

ಅವರು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ, ಕೇಳಿದ್ದನ್ನು ಕೈಗೆ ಕೊಡುತ್ತ ಕೂತರು. ಹ್ಯಾಂಡಲ್ಲು ಕೂಡಿಸಿದೆ. ಮುಂದಿನ ಚಕ್ರವನ್ನು ಎರಡು ಸಲ ತೆಗೆದು ಹಾಕಿದ ಮೇಲೆ ಬ್ರೇಕಿನ ತಟ್ಟೆ ಸರಿಯಾಗಿ ಕೂತಿತು. ಮಧ್ಯೆ ಅವರು ತಮ್ಮ ಕತೆ ಹೇಳಿದರು. ಪೂರಿಗಾಲಿಯಲ್ಲಿ ಅಣ್ಣನ ದೊಡ್ಡ ಸೈಕಲ್ಲನ್ನು ಕದ್ದು ಒಳಪೆಡಲಿನಲ್ಲಿ ತುಳಿದು ಕಲಿತದ್ದು, ಬಿದ್ದು ಮೊಣಕಾಲು ಕಿತ್ತುಕೊಂಡದ್ದು, ಮನೆಯಲ್ಲಿ ಏಟು ತಿಂದದ್ದು. "ಮದ್ವೆ ಆದ್ಮೇಲೆ ಮುಟ್ಟೇ ಇಲ್ಲ ಕಣವ್ವ. ಮರ್ತೋಗಿರ್ತದಾ ಅಂತ." ಮರೆಯುವುದಿಲ್ಲವಂತೆ ಅಂದೆ. ನಾನು ಗಡಿಯಾರ ನೋಡುತ್ತಿದ್ದೆ. ಮೂರೂವರೆಯ ಬಸ್ಸು ಹಿಡಿಯಬೇಕಿತ್ತು.

ಕೊನೆಗೆ ಪೆಡಲು ಉಳಿದವು. ಚಿಕ್ಕಮ್ಮ ಕಾಫಿ ಮಾಡಲು ಒಳಗೆ ಹೋದರು. ಸೈಕಲ್ಲಿನ ಎಡಗಡೆಯ ಪೆಡಲನ್ನು ಎಡಕ್ಕೆ ತಿರುಗಿಸಿ ಬಿಗಿಯಬೇಕು. ಬಲಗಡೆಯದನ್ನು ಬಲಕ್ಕೆ. ಎರಡರ ಥ್ರೆಡ್ಡು, ಆ ತಿರುಪಿನ ಗೆರೆಗಳು, ಬೇರೆ ಬೇರೆ. ಪುಸ್ತಕದ ಆ ಹಾಳೆಯನ್ನು ನಾನು ತಿರುವಿಯೂ ನೋಡಿರಲಿಲ್ಲ. ಕೈಗೆ ಸಿಕ್ಕ ಪೆಡಲನ್ನು ಎಡಗಡೆಯ ಕ್ರ್ಯಾಂಕಿನ, ಅಂದರೆ ಪೆಡಲು ಕೂರುವ ಲೋಹದ ತೋಳಿನ, ತೂತಿಗಿಟ್ಟು ಬಲಕ್ಕೆ ತಿರುಗಿಸಿದೆ. ಬಿಗಿಯಾಗಿತ್ತು. ಸ್ಪ್ಯಾನರ್ ಹಾಕಿ, ಅದರ ಮೇಲೆ ಕಾಲಿಟ್ಟು ಒತ್ತಿದೆ. ಕಿರ್ರೆಂದು ಒಳಗೆ ಹೋಯಿತು. ಇನ್ನೊಂದು ಪೆಡಲು ಬಲಗಡೆಗೆ ಏನು ಮಾಡಿದರೂ ಹಿಡಿಯಲಿಲ್ಲ. ಆಗ ತಿರುಗಿಸಿ ನೋಡಿದರೆ ಪೆಡಲುಗಳ ಕಡ್ಡಿಯ ತುದಿಯಲ್ಲಿ ಚಿಕ್ಕದಾಗಿ ಅಕ್ಷರ ಕೊರೆದಿತ್ತು. ಅದಲುಬದಲಾಗಿತ್ತು.

ಎಡಗಡೆಯದನ್ನು ಬಿಚ್ಚಿದೆ. ಅದರ ಜೊತೆ ಕ್ರ್ಯಾಂಕಿನ ತೂತಿನೊಳಗಿನ ಥ್ರೆಡ್ಡು ಕಿತ್ತು, ಹೊಳೆಯುವ ಲೋಹದ ಪುಡಿಯಾಗಿ ಉದುರಿತು. ಸರಿಯಾದ ಪೆಡಲನ್ನು ಎಡಕ್ಕೆ ತಿರುಗಿಸಿ ಕೂಡಿಸಿದೆ. ಕೂತಿತು, ಆದರೆ ಬೆರಳಿಗೆ ಸ್ವಲ್ಪ ಅಲುಗಾಡುವುದು ತಿಳಿಯುತ್ತಿತ್ತು. ಬಲವಾಗಿ ಬಿಗಿದೆ. ಅಲುಗಾಟ ನಿಂತಿತು. ಸೀರೆಯ ಮೇಲೆ ಬಿದ್ದಿದ್ದ ಪುಡಿಯನ್ನು ಅಂಗೈಯಲ್ಲಿ ಗುಡಿಸಿ ಕಿಟಕಿಯಿಂದ ಆಚೆ ಹಾಕಿದೆ. ಚಿಕ್ಕಮ್ಮ ಕಾಫಿ ತಂದರು.

"ಎಲ್ಲ ಸರಿಯಾಯ್ತಾ?"

"ಸರಿಯಾಗಿದೆ."

ಅಂಗಳದಲ್ಲಿ ಒಂದು ಸುತ್ತು ಹೊಡೆದರು. ಮುಖದಲ್ಲಿ ಗಾಬರಿ ಇತ್ತು, ಎರಡನೇ ಸುತ್ತಿಗೆ ಅದು ಹೋಯಿತು. ಮೂರನೇ ಸುತ್ತಿನಲ್ಲಿ ಬೆಲ್ಲು ಬಾರಿಸಿದರು. ನಾನು ಮೂರೂವರೆಯ ಬಸ್ಸು ಹಿಡಿದೆ.

ಎರಡು ವಾರ ಕಳೆದಿತ್ತು. ಅವರ ಜೊತೆ ವ್ಯಾನಿಗೆ ಹೋಗುವ ಪಕ್ಕದ ಬೀದಿಯ ಅಕ್ಕ ಫೋನು ಮಾಡಿದರು. "ನಿಮ್ ಚಿಕ್ಕಮ್ಮ ನಾಲೆ ಏರಿ ರಸ್ತೇಲಿ ಸೈಕಲ್ಲಿಂದ ಬಿದ್ಬುಟ್ಲು ಕಣವ್ವ. ನಾಯಿ ಅಡ್ಡ ಬಂತು. ಎಡ್ಗೈ ಮುರ್ದದೆ."

ನಾನು ಮದ್ದೂರಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಕಟ್ಟು ಹಾಕಿದ್ದರು. "ಕಂದು ನಾಯಿ ಕಣವ್ವ. ಕಬ್ಬಿನ ಗದ್ದೆಯಿಂದ ಬಿರ್ರನೆ ನುಗ್ಬುಡ್ತು" ಅಂದರು. ನಾನು ನಾಯಿಯನ್ನು ನಂಬಿದೆ. ನಂಬುವುದು ಸುಲಭವಾಗಿತ್ತು.

ಮುಂದಿನ ಭಾನುವಾರ ಊರಿಗೆ ಹೋದೆ. ಸೈಕಲ್ಲು ಜಗಲಿಯ ಮೇಲೆ ನಿಂತಿತ್ತು. ಬಲಗಡೆಯ ಕ್ರ್ಯಾಂಕು ಕಪ್ಪಗಿತ್ತು. ಎಡಗಡೆಯದು ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೆ. ತಲೆಯೆತ್ತಿದರೆ ಚಿಕ್ಕಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಇಬ್ಬರಿಗೂ ತಿಳಿಯಿತು.

"ಬಿದ್ದಾಗ ಕಲ್ಲಿಗೆ ಬಡ್ದು ಬಗ್ಗೋಗಿತ್ತು, ಬದಲಾಯ್ಸುದ್ರು" ಅಂದರು. "ಕಾಫಿ ಕುಡೀತೀಯಾ?"

"ಹೂಂ" ಅಂದೆ. ಆಗ ಹೇಳಬೇಕಿತ್ತು. ದುಃಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಬಗೆಯ ಜೋಮು ಹಿಡಿಯಿತು. ಕೂತು ಕೂತು ಕಾಲಿಗೆ ಬರುವಂಥದ್ದು. ಅದು ಎಲ್ಲಿಂದ ಶುರುವಾಯಿತೋ ಅಲ್ಲೇ ನಿಂತಿದೆ.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ಒಂದೇ ಕೈಯಲ್ಲಿ ಮುದ್ದೆ ತಿರುವಲು ಆಗುವುದಿಲ್ಲ. ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುವುದಿಲ್ಲ. ನಾನು ಮಾಡಿಕೊಡುತ್ತಿದ್ದೆ. ಅವರು ನನ್ನ ಚೂಡಿದಾರದ ಅಂಚನ್ನು ಬಲಗೈಯಲ್ಲಿ ಹಿಡಿದು ಹೊಲಿಗೆ ನೋಡಿ, "ಇದು ಇನ್ನೊಂದ್ ತಿಂಗ್ಳು" ಅನ್ನುತ್ತಿದ್ದರು. ಸರಿಯಾಗಿ ತಿಂಗಳಿಗೆ ಅದು ಬಿಚ್ಚಿಕೊಳ್ಳುತ್ತಿತ್ತು. ಕಟ್ಟು ಬಿಚ್ಚಿದ ಮೇಲೂ ಎಡಗೈಯ ಎರಡು ಬೆರಳು ಪೂರ್ತಿ ಮಡಚಲಿಲ್ಲ. ಕಾಲರ್ ಕೂರಿಸಲು ಎಡಗೈ ಬಟ್ಟೆಯನ್ನು ನಡೆಸಬೇಕು. ಫ್ಯಾಕ್ಟರಿಯಲ್ಲಿ ಅವರನ್ನು ಮಿಷನ್ನಿನಿಂದ ಎಬ್ಬಿಸಿ, ನಿಂತುಕೊಂಡು ನೂಲು ಕತ್ತರಿಸುವ ಕೆಲಸಕ್ಕೆ ಹಾಕಿದರು. ಹೊಸದಾಗಿ ಸೇರಿದ ಹುಡುಗಿಯರು ಮಾಡುವ ಕೆಲಸ. "ಆಯ್ತು ಬುಡು, ಕಣ್ಣಿಗೆ ಸ್ರಮ ಇಲ್ಲ" ಅಂದರು. ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದರು.

ಒಂದೂವರೆ ವರ್ಷದ ಮೇಲೆ ಹೊಟ್ಟೆನೋವು ಶುರುವಾಯಿತು. ಗೊತ್ತಾಗುವ ಹೊತ್ತಿಗೆ ಗಡ್ಡೆ ಲಿವರಿಗೆ ಹರಡಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದರು. ಕಾಲೇಜು ಮುಗಿಸಿ ದಿನಾ ಹೋಗುತ್ತಿದ್ದೆ. ಒಂದು ಸಂಜೆ ಎಚ್ಚರವಾಗಿದ್ದರು. ಅವರ ಎಡಗೈಯನ್ನು ಹಿಡಿದುಕೊಂಡಿದ್ದೆ. ಮಡಚದ ಆ ಎರಡು ಬೆರಳು ನನ್ನ ಅಂಗೈಯಲ್ಲಿ ನೆಟ್ಟಗಿದ್ದವು.

"ಚಿಕ್ಕಮ್ಮ, ಆ ಪೆಡ್ಲು..." ಅಂದೆ.

ಅವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಆ ನಾಯಿ ಈಗ್ಲೂ ಅದೆ ಕಣವ್ವ. ನಾಕ್ ಮರಿ ಆಕದೆ. ಒಂದ್ ಮರಿ ಅದ್ರಂಗೇ ಕಂದು."

ಅದಾದ ನಾಲ್ಕನೆಯ ದಿನ ಹೋದರು.

ನಮ್ಮ ಹೊಲದಲ್ಲಿ ಅಪ್ಪನ ಒಂದು ಬದಿಗೆ ನನ್ನ ಅವ್ವ ಇದ್ದಾಳೆ. ಇನ್ನೊಂದು ಬದಿಗೆ ಇವರನ್ನು ಮಣ್ಣು ಮಾಡಿದರು. ಮೂರು ಹಿಡಿ ಮಣ್ಣು ಹಾಕಿದೆ. ಸುತ್ತಲಿದ್ದವರು ನಾನು ಅಳುವುದನ್ನು ಕಾಯುತ್ತಿದ್ದರು. ಅಳು ಬರಲಿಲ್ಲ. ಕೈತೊಳೆಯಲು ನೀರು ಹಾಕಿದವರಿಗೆ ಸಾಕು ಎಂದು ಹೇಳಿದ್ದು ಮಾತ್ರ ನೆನಪಿದೆ.

ತಿಥಿಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಗಾರ್ಮೆಂಟ್ಸಿನ ಹೆಂಗಸರೆಲ್ಲ ರಜೆ ಹಾಕಿ ಬಂದಿದ್ದರು. ಊಟಕ್ಕೆ ಎಲೆ ಹಾಕುವಾಗ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಆ ಆಳಾದ್ ನಾಯಿ ಅಡ್ಡ ಬರ್ದಿದ್ರೆ ಅವಳ ಕೈ ಓಯ್ತಿರ್ಲಿಲ್ಲ. ಮಿಸನ್ ಬುಟ್ಮೇಲೇ ಅವಳು ಇಳ್ದೋಗಿದ್ದು."

"ನಾಯಿ ಅಲ್ಲ ದೊಡ್ಡಪ್ಪ" ಅಂದೆ. "ಪೆಡ್ಲನ್ನ ನಾನು ತಪ್ಪಾಗಿ ಕೂರಿಸಿದ್ದೆ. ಥ್ರೆಡ್ಡು ಹಾಳಾಗಿದ್ದು ಗೊತ್ತಿತ್ತು. ಗೊತ್ತಿದ್ದೂ ಸರಿಯಾಗಿದೆ ಅಂದೆ. ಅದು ಕಳಚಿಕೊಂಡು ಬಿದ್ದರು."

ನನ್ನ ದನಿ ಹಾಜರಿ ಕೂಗುವ ಹಾಗಿತ್ತು. ದೊಡ್ಡಪ್ಪ ನನ್ನ ಮುಖ ನೋಡಿದರು, ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡರು. ಸಾರಿನ ಬಕೆಟ್ಟು ಹಿಡಿದವನು ನಿಂತೇ ಇದ್ದ.

ನನ್ನ ಪಕ್ಕದ ಎಲೆಗೆ ಕೂತಿದ್ದ ಪಕ್ಕದ ಬೀದಿಯ ಅಕ್ಕ ಎಲೆಗೆ ನೀರು ಚಿಮುಕಿಸಿ ಒರೆಸುತ್ತ ಹೇಳಿದರು: "ಗೊತ್ತು ಕಣವ್ವ. ರಸ್ತೆ ಮೇಲೆ ಬಿದ್ದಿದ್ದ ಪೆಡ್ಲ ಎತ್ಕೊಟ್ಟೋಳೇ ನಾನು. ಇಂದೆ ಬತ್ತಿದ್ದೋರು ಎಂಟ್ ಜನ, ಎಲ್ಲಾರೂ ನೋಡಿವ್ರೆ." ಎದುರು ಸಾಲಿನ ಹೆಂಗಸರು ತಲೆ ತಗ್ಗಿಸಿಕೊಂಡೇ ಹೌದೆಂದು ತಲೆಯಾಡಿಸಿದರು. "ಮುರ್ದ ಕೈ ಇಡ್ಕೊಂಡು ರಸ್ತೇಲೇ ಕುಂತು, 'ನಾಯಿ ಅನ್ರವ್ವ, ಎಲ್ಲಾರೂ ನಾಯಿ ಅನ್ನಿ' ಅಂತ ಒಬ್ಬೊಬ್ಬರ ಕೈಲೂ ಆಣೆ ಆಕುಸ್ಕೊಂಡ್ಲು. ಯಾಕೆ ಅಂದೆ. 'ಒಂದೇ ಒಂದ್ಸಲ ಕರ್ದಿವ್ನಿ, ಬಂದದೆ. ಇದು ಗೊತ್ತಾದ್ರೆ ಮಗು ಇನ್ನು ಈ ಕಡೆ ಬರಕಿಲ್ಲ' ಅಂದ್ಲು."

ಸಾರಿನವನು ಮುಂದಕ್ಕೆ ಬಂದ. ನನ್ನ ಎಲೆಗೆ ಅನ್ನ ಬಿತ್ತು, ಸಾರು ಬಿತ್ತು, ಒಂದು ವಡೆ ಬಿತ್ತು. ಅಕ್ಕ ನನ್ನ ಮೊಣಕೈ ತಟ್ಟಿ, "ಉಣ್ಣು" ಅಂದರು. ನಾನು ಕಲಸಿಕೊಂಡು ಉಂಡೆ.